ಫೈಲ್ ದೊಡ್ಡದಾಯ್ತು ಕಣ್ರೀ!

ತುರುವೇಕೆರೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಜನರಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವುದು ಕೆಲಸ. ಹೆಸರು, ಊರು ತುಂಬುವವರೆಗೂ ಎಲ್ಲ ಸಲೀಸು. ಫೋಟೊ ಏರಿಸಲು ಹೋದಾಗ ವೆಬ್‌ಸೈಟು ‘ಫೈಲ್ ತುಂಬಾ ದೊಡ್ಡದಾಗಿದೆ’ ಅಂತ ಕೆಂಪಕ್ಷರದಲ್ಲಿ ವಾಪಸ್ ಕಳಿಸುತ್ತದಲ್ಲ, ಅಲ್ಲಿಂದ ಶುರು ಫಜೀತಿ. ಅದನ್ನು ಬಂದವರಿಗೆ ತಿಳಿಸಿ ಹೇಳಲು ಹೋಗಿ, ಕೊನೆಗೆ ನಗು ತಡೆಯಲು ಅಂಗಡಿಯ ಹಿಂದಕ್ಕೆ ಹೋಗಿ ನಿಂತ ದಿನಗಳೇ ಜಾಸ್ತಿ.

ಸಣ್ಣ ಆಗಬೇಕಂತೆ

ಅರಳಗುಪ್ಪೆ ಕಡೆಯ ಯಜಮಾನರೊಬ್ಬರು ಹೆಂಡತಿ ಜೊತೆ ಬಂದಿದ್ದರು. ಒಳ್ಳೆ ದಪ್ಪ ಆಳು. ಅಲ್ಲೇ ಕೂರಿಸಿ ಫೋಟೊ ತೆಗೆದೆ. ಏರಿಸಿದರೆ ಹೋಗಲಿಲ್ಲ.

“ದೊಡ್ಡದಾಯ್ತಂತೆ ಯಜಮಾನ್ರೇ, ಸಣ್ಣ ಆಗ್ಬೇಕು” ಅಂದೆ.

ಅವರು ಮತ್ತೆ ಕುರ್ಚಿಗೆ ಬಂದು ಕೂತರು. ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು, “ಬಿರ್ರನೆ ತಗಿಯವ್ವ, ಜಾಸ್ತಿ ಹೊತ್ತು ಹಿಡ್ಕಳಕ್ಕಾಗಲ್ಲ” ಅಂದರು.

“ಅಯ್ಯೋ ನೀವಲ್ಲ, ಫೋಟೊ...” ಅನ್ನುವಷ್ಟರಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ನೀನು ಸುಮ್ಕಿರವ್ವ. ಡಾಕ್ಟ್ರು ಹೇಳುದ್ರು, ನಾನು ಹೇಳ್ದೆ, ಕೇಳ್ಲಿಲ್ಲ. ಗೌರ್ಮೆಂಟ್ ಮಾತಿಗಾದ್ರೂ ಮುದ್ದೆ ಕಮ್ಮಿ ಮಾಡ್ಲಿ!”

ಕತ್ತರಿಸೋದು ಯಾವುದನ್ನ?

ತೆಂಗಿನ ತೋಟಕ್ಕೆ ರೋಗ ಬಿದ್ದಿದೆ ಅಂತ ಅರ್ಜಿ ಹಾಕಲು ಚಿಕ್ಕನಾಯಕನಹಳ್ಳಿ ಕಡೆಯ ಹೆಂಗಸೊಬ್ಬರು ಬಂದರು. ಅರ್ಜಿಗೆ ತೋಟದ ಪುಟ್ಟ ವಿಡಿಯೊ ಬೇಕು. ಅವರು ತಂದದ್ದು ಸಿನಿಮಾದಷ್ಟು ಉದ್ದ. ನೋಡಿದರೆ, ಒಂದೊಂದು ಮರದ ಪಕ್ಕದಲ್ಲೂ ಅವರ ಅತ್ತೆ ರೇಷ್ಮೆ ಸೀರೆ ಉಟ್ಟು ನಿಂತಿದ್ದಾರೆ!

“ಇಷ್ಟುದ್ದ ಹೋಗಲ್ಲ ಕಣಕ್ಕ, ಕತ್ತರಿಸ್ಬೇಕು” ಅಂದೆ.

ಆಕೆ ಗಾಬರಿಯಾಗಿ ಎದ್ದು ನಿಂತರು. “ಮರ ಎಷ್ಟನ್ನಾದ್ರೂ ಕತ್ತರ್ಸವ್ವ, ನಮ್ಮತ್ತೇನ ಮಾತ್ರ ಕತ್ತರಿಸ್ಬ್ಯಾಡ. ಆಮೇಲೆ ನಾನು ಮನೆಗೆ ಹೋಗಂಗಿಲ್ಲ.”

ಕೊನೆಗೆ ಆ ಅರ್ಜಿಯಲ್ಲಿ ಮರ ಅರ್ಧ, ಅತ್ತೆ ಪೂರ್ತಿ ಹೋದರು. ಪರಿಶೀಲನೆಗೆ ಬಂದ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ: “ಇದರಲ್ಲಿ ರೋಗ ಯಾರಿಗಮ್ಮ?”

ಬಲಗಡೆ ನಿಂತಿರೋನು

ನಮ್ಮ ಬೀದಿಗೆ ಹೊಸದಾಗಿ ಬಂದಿದ್ದ ಅಕ್ಕ ಒಬ್ಬರು ತಮ್ಮನಿಗೆ ಹೆಣ್ಣು ಹುಡುಕಿ ಹುಡುಕಿ ಸೋತಿದ್ದರು. ಹುಡುಗ ಬಂಗಾರದಂಥವನು, ತೋಟ ನೋಡಿಕೊಂಡಿದ್ದಾನೆ. ಆದರೆ ತೋಟದವನು ಅಂದ ಕೂಡಲೇ ಹೆಣ್ಣಿನ ಕಡೆಯವರು ಫೋನ್ ಇಡುತ್ತಿದ್ದರು. ಕಡೆಗೆ ಮದುವೆ ವೆಬ್‌ಸೈಟಿಗೆ ಹಾಕಿಸೋಣ ಅಂತ ನನಗೆ ಫೋಟೊ ಕಳಿಸಿದರು. ಮಧ್ಯೆ ಅಕ್ಕ, ಆಚೆಗೊಬ್ಬ, ಈಚೆಗೊಬ್ಬ; ಇಬ್ಬರನ್ನೂ ನಾನು ಅದುವರೆಗೆ ನೋಡಿರಲಿಲ್ಲ. ಫೈಲ್ ದೊಡ್ಡದಾಗಿದ್ದರಿಂದ ಏರಲಿಲ್ಲ. ಫೋನ್ ಮಾಡಿದೆ.

“ನನ್ನ ಬಲಗಡೆ ನಿಂತಿರೋನೇ ಹುಡುಗ. ಮಿಕ್ಕಿದ್ದು ಕತ್ತರಿಸಿ ಬಿಸಾಕು” ಅಂದರು.

ಬಲಗಡೆಯವನನ್ನು ಉಳಿಸಿ ಏರಿಸಿದೆ. ಅಕ್ಕನ ಬಲ ಬೇರೆ, ಪರದೆಯ ಬಲ ಬೇರೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ವಾರದೊಳಗೆ ತಿಪಟೂರಿನಿಂದ ಹೆಣ್ಣಿನ ಕಡೆಯವರು ಹೊರಟೇಬಿಟ್ಟರು. ಹುಡುಗಿಯೂ ಜೊತೆಗೆ. ಅಕ್ಕ ಸಂಭ್ರಮದಿಂದ ನನ್ನನ್ನೂ ಕರೆದಿದ್ದರು. ಬಂದವರಿಗೆಲ್ಲ ಅಕ್ಕನ ಗಂಡ ಕಾಫಿ ಕೊಡುತ್ತಿದ್ದರು. ಹುಡುಗಿಯ ಅಪ್ಪ ಲೋಟ ತೆಗೆದುಕೊಂಡು, ಅವರ ಬೆನ್ನು ತಟ್ಟಿ, “ಹುಡುಗ ಒಪ್ಪಿಗೆ ಕಣಮ್ಮ. ಫೋಟೊಗಿಂತ ಲಕ್ಷಣವಾಗವ್ನೆ” ಅಂದರು.

“ಅಯ್ಯೋ, ಅವ್ರು ನನ್ನ ಗಂಡ ಕಣ್ರೀ!” ಅಂತ ಅಕ್ಕ ಕೂಗಿದ್ದಕ್ಕೆ ಅಡುಗೆಮನೆಯಲ್ಲಿ ಯಾರೋ ತಟ್ಟೆ ಕೆಡವಿದರು.

ಅಪ್ಪ ಎದ್ದು ಚಪ್ಪಲಿ ಹುಡುಕತೊಡಗಿದರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು. ಅಷ್ಟರಲ್ಲಿ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ಮೂಲೆಯಲ್ಲಿ ಬೆವರುತ್ತಿದ್ದ ನಿಜವಾದ ಹುಡುಗನಿಗೂ ನಗು ಬಂತು. ನಗು ನಿಂತ ಮೇಲೆ ಇಬ್ಬರೂ ಜಗಲಿಗೆ ಹೋಗಿ ಮಾತಾಡಿದರು. ಒಳಗೆ ಬಂದವಳು ಅಪ್ಪನಿಗೆ, “ಕೂತ್ಕೊಳಪ್ಪ, ಕಾಫಿ ಆರೋಗ್ತದೆ” ಅಂದಳು. ಮದುವೆ ನಿಶ್ಚಯವಾಯಿತು.

ಮಾರನೇ ದಿನ ಅಕ್ಕನ ಗಂಡ ಅಂಗಡಿಗೆ ಬಂದರು. ನಾನು ಕ್ಷಮೆ ಕೇಳಿ, “ಈಗ್ಲೇ ಆ ಫೋಟೊ ತೆಗೆದುಬಿಡ್ತೀನಿ ಭಾವ” ಅಂದೆ.

ಅವರು ಆಚೀಚೆ ನೋಡಿ, ದನಿ ತಗ್ಗಿಸಿ ಅಂದರು: “ತೆಗಿಯೋದು ಇದ್ದೇ ಇದೆ ಬುಡಮ್ಮ. ಅದಕ್ಕೆ ಮುಂಚೆ, ಇನ್ನೂ ಎಷ್ಟು ಜನ ಒಪ್ಪವ್ರೆ, ಒಸಿ ನೋಡು.”