ಲೆಸ್ಟರನ ವ್ಯಾನಿನಲ್ಲಿ ಯಾರು ಕೂರಬಹುದು?

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಡೊಲೊರಿಸ್ ಕ್ರಾಟ್ಜರಳ ಹಲ್ಲುನೋವು.

ಹೋದ ಮಾರ್ಚ್ ತಿಂಗಳಲ್ಲಿ, ದವಡೆಗೆ ಸ್ಕಾರ್ಫ್ ಬಿಗಿದುಕೊಂಡು ರಸ್ತೆಬದಿ ನಿಂತಿದ್ದ ಈ ಪಕ್ಕದ ಮನೆಯ ವಿಧವೆಯನ್ನು ಲೆಸ್ಟರ್ ಉಮ್‌ಹೋಲ್ಟ್ಜ್ ಅಯ್ಯೋ ಪಾಪ ಎಂದು ಅರ್ಧ ಬಾಡಿಗೆಗೆ ವ್ಯಾನಿಗೆ ಹತ್ತಿಸಿಕೊಂಡ. ವ್ಯಾನಿನ ತುಂಬ ಅವನ ದಿನನಿತ್ಯದ ಗಿರಾಕಿಗಳಾದ ಆಮಿಶರು. ಕಾರು ಓಡಿಸದ, ಕುದುರೆಗಾಡಿಯಲ್ಲೇ ಓಡಾಡುವ ಹಳೇ ಕಟ್ಟಿನ ಕ್ರೈಸ್ತ ಜನ. ಪಟ್ಟಣದವರೆಗೆ ಕುದುರೆ ಓಡಿಸಲಾಗದೆ ಲೆಸ್ಟರನನ್ನು ನಂಬಿದವರು. ಅವರ ಕರಿಯ ಟೋಪಿಗಳ ನಡುವೆ ಡೊಲೊರಿಸಳ ಕೆಂಪು ಕೋಟು ಕರಿಎಳ್ಳಿನ ರಾಶಿಯಲ್ಲಿ ಬಿದ್ದ ಮೆಣಸಿನಕಾಯಿಯಂತೆ ಹೊಳೆಯುತ್ತಿತ್ತು. ಸಾರಿಗೆ ಆಯೋಗದ ಇನ್‌ಸ್ಪೆಕ್ಟರಿಗೆ ಅದು ಅರ್ಧ ಮೈಲಿ ದೂರದಿಂದಲೇ ಕಂಡಿತು.

ಲೆಸ್ಟರನ ಪರ್ಮಿಟ್ಟಿಗೆ ಆಧಾರ ಒಂದೇ ಒಂದು ನಿಯಮ: ‘ಸ್ವಂತ ನಂಬಿಕೆಯ ಕಾರಣದಿಂದ ಮೋಟಾರು ವಾಹನ ಓಡಿಸದವರನ್ನು ಮಾತ್ರ ಬಾಡಿಗೆಗೆ ಕರೆದೊಯ್ಯತಕ್ಕದ್ದು.’ ಹಾಗೆಂದರೆ ಕುದುರೆಗಾಡಿಯ ಚರ್ಚ್ ಸಭೆಗಳವರು, ಬೇರೆ ಯಾರೂ ಅಲ್ಲ ಎಂದು ಆಯೋಗ ಅರ್ಥ ಹೇಳಿ ಪರ್ಮಿಟ್ಟನ್ನೇ ರದ್ದು ಮಾಡಿತು. ಹನ್ನೊಂದು ವರ್ಷದಿಂದ ಲೆಸ್ಟರನ ಸಂಸಾರ ನಡೆಯುತ್ತಿದ್ದದ್ದೇ ಆ ವ್ಯಾನಿನಿಂದ. ಅವನು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದ. ಇವತ್ತು ಬೆಳಿಗ್ಗೆ ಹತ್ತಕ್ಕೆ ವಿಚಾರಣೆ.

ಸಾಕ್ಷಿ ಹೇಳಲು ಬರಬೇಕಿದ್ದವರು ಇಬ್ಬರೇ: ಡೊಲೊರಿಸ್, ಮತ್ತು ಆಮಿಶ್ ಸಭೆಯ ಹಿರಿಯ ಬೆನ್ಯೂಯಲ್ ಎಶ್. ಆದರೆ ಬೆನ್ಯೂಯಲ್ ಮನೆಯ ಮುಂದೆ ಅವನ ಜೊತೆ ಇನ್ನೂ ಹದಿಮೂರು ಜನ ಸಾಲಾಗಿ ನಿಂತಿದ್ದರು.

"ಹೇಗೂ ಪಟ್ಟಣಕ್ಕೆ ಹೋಗ್ತಿದ್ದೀಯಲ್ಲ ಲೆಸ್ಟರ್, ಇವರೂ ಬರ್ಲಿ ಅಂದೆ," ಎಂದ ಬೆನ್ಯೂಯಲ್.

"ಬೆನ್ಯೂಯಲ್, ನಾನು ಹೋಗ್ತಿರೋದು ಕೋರ್ಟಿಗೆ, ಸಂತೆಗಲ್ಲ!"

"ಕೋರ್ಟಿನ ಹಿಂದೇನೇ ಅಲ್ವಾ ಸಂತೆ?"

ಮಲಿಂಡಾ ಎಂಬ ಅಜ್ಜಿ ರಿಪೇರಿಗೆಂದು ಗೋಡೆ ಗಡಿಯಾರವೊಂದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತಳು. ಇನ್ನೊಬ್ಬಾಕೆಯದು ಎರಡು ಕೋಳಿ. ಡೊಲೊರಿಸ್ ಅದೇ ಕೆಂಪು ಕೋಟು ಹಾಕಿಕೊಂಡು ಬಂದು ಮುಂದಿನ ಸೀಟು ಹಿಡಿದಳು.

"ಇವತ್ತಾದ್ರೂ ಬೇರೆ ಕೋಟು ಸಿಗ್ಲಿಲ್ವಾ?" ಲೆಸ್ಟರ್ ಹಲ್ಲು ಕಡಿದ.

"ಸಾಕ್ಷಿ ಅಂದ್ಮೇಲೆ ಎದ್ದು ಕಾಣ್ಬೇಕಪ್ಪ."

ದಾರಿಯಲ್ಲಿ ಮಡಿಲ ಗಡಿಯಾರ ಇದ್ದಕ್ಕಿದ್ದಂತೆ ಢಣಢಣ ಹನ್ನೆರಡು ಬಾರಿಸಿತು. ಕೇಸೇ ಮುಗಿದುಹೋಯಿತೆಂದು ಲೆಸ್ಟರ್ ಗಾಬರಿಯಿಂದ ಬ್ರೇಕ್ ಒತ್ತಿದ. ಕೋಳಿಯೊಂದು ಹಾರಿ ಸೀದಾ ಡೊಲೊರಿಸಳ ತಲೆಯ ಮೇಲೆ ಇಳಿಯಿತು. "ಅದು ಯಾವಾಗ್ಲೂ ಹಾಗೇ ಹೊಡ್ಕೊಳ್ಳೋದು, ಅದಕ್ಕೇ ರಿಪೇರಿಗೆ," ಎಂದಳು ಮಲಿಂಡಾ ಶಾಂತವಾಗಿ. ಆಗಿನ್ನೂ ಒಂಬತ್ತು ಮುಕ್ಕಾಲು.

ಎಲ್ಲರೂ ಓಡುತ್ತ ಏದುಸಿರು ಬಿಡುತ್ತ ಕೋರ್ಟಿನೊಳಗೆ ನುಗ್ಗಿದಾಗ ಹತ್ತಕ್ಕೆ ಒಂದು ನಿಮಿಷ. ಲೆಸ್ಟರನ ವಕೀಲೆ ಪ್ರಿಸಿಲ್ಲಾ ಅವನ ಭುಜದಿಂದ ಒಂದು ಗರಿ ತೆಗೆದುಹಾಕಿ, ನ್ಯಾಯಾಧೀಶೆಯ ಮುಂದೆ ಎದ್ದು ನಿಂತಳು.

"ಮ್ಯಾಡಂ, ನಿಯಮದ ಅರ್ಥ ಹೇಳ್ಬೇಕಾದವರು ತಾವು. ಆಯೋಗ ತನಗೆ ತೋಚಿದ ಅರ್ಥ ಬರೆದಿಟ್ಟಿದೆ ಅಂತ ತಾವು ತಲೆ ಆಡಿಸ್ಬೇಕಾಗಿಲ್ಲ!"

ಆಯೋಗದ ವಕೀಲರು ಗಂಟಲು ಸರಿಮಾಡಿಕೊಂಡರು. "ವ್ಯಾನು, ಬಸ್ಸು ಇವುಗಳ ಅನುಭವ ಇರೋದು ನಮಗೆ, ಮ್ಯಾಡಂ."

ನ್ಯಾಯಾಧೀಶೆ ಕನ್ನಡಕ ಕೆಳಗಿಟ್ಟರು. "ನಿಮ್ಮ ಅನುಭವಕ್ಕೆ ನಮಸ್ಕಾರ. ನೀವು ಹೇಳಿದ ಅರ್ಥ ತಕ್ಕಮಟ್ಟಿಗೆ ಸರಿ ಇದ್ರೆ ಸಾಕು ಅಂತ ಕೋರ್ಟು ಒಪ್ಕೊಳ್ತಿದ್ದ ಕಾಲ ಒಂದಿತ್ತು. ಈಗಿಲ್ಲ. ನಿಯಮದಲ್ಲಿ ಕುದುರೆ ಎಲ್ಲಿದೆ? ಸಭೆ ಎಲ್ಲಿದೆ? ನಾನೇ ಓದ್ತೀನಿ."

ಲೆಸ್ಟರ್ ಖುಷಿಯಿಂದ ಪ್ರಿಸಿಲ್ಲಾಳ ತೋಳು ತಿವಿದ.

ಡೊಲೊರಿಸ್ ಕಟಕಟೆಯಲ್ಲಿ ಮಿಂಚಿದಳು. "ಗಂಡ ತೀರ್ಕೊಂಡ ವಾರ ಅವರ ಬ್ಯೂಯಿಕ್ ಕಾರು ತೆಗೆದೆ ಮ್ಯಾಡಂ. ಗ್ಯಾರೇಜಿನ ಬಾಗಿಲು, ಗುಲಾಬಿ ಗಿಡ, ಪೋಸ್ಟ್ ಡಬ್ಬ, ಮೂರೂ ಹೋಯ್ತು. ನಾನು ಕಾರು ಓಡಿಸೋದು ದೇವರಿಗೆ ಇಷ್ಟ ಇಲ್ಲ ಅಂತ ಅವತ್ತೇ ನಂಬಿದೆ. ಯಾರೂ ಹೇಳ್ಕೊಟ್ಟಿದ್ದಲ್ಲ."

ಜನ ಚಪ್ಪಾಳೆ ತಟ್ಟಿದರು. ನ್ಯಾಯಾಧೀಶೆಯೂ ನಕ್ಕರು. "ಇದಕ್ಕಿಂತ ಸ್ವಂತ ನಂಬಿಕೆ ಬೇಕಾ? ಈಕೆ ವ್ಯಾನಿನಲ್ಲಿ ಕೂರಬಹುದು. ಪರ್ಮಿಟ್ ರದ್ದು ಮಾಡಿದ್ದು ತಪ್ಪು."

ಗೆದ್ದೆ! ಲೆಸ್ಟರ್ ಕುರ್ಚಿಯಿಂದ ಒಂದು ಗೇಣು ಮೇಲೆದ್ದ.

"ಕೂತ್ಕೊಳ್ಳಿ. ಆಯೋಗದ ಅರ್ಥ ಬಿದ್ದುಹೋದ ಮೇಲೆ ಮಿಕ್ಕವರನ್ನೂ ನಾನೇ ನೋಡ್ಬೇಕಲ್ಲ. ಎಶ್ ಅವರೇ, ಬನ್ನಿ."

"ಆಮಿಶರ ಬಗ್ಗೆ ನಮ್ಮ ತಕರಾರೇನೂ ಇಲ್ಲ ಮ್ಯಾಡಂ," ಎಂದರು ಆಯೋಗದ ವಕೀಲರು, ಒಳ್ಳೆಯ ಮನಸ್ಸಿನಿಂದಲೇ.

"ನಿಮ್ಮ ಅರ್ಥ ಬೇಡ ಅಂತ ಈಗ ತಾನೇ ತೀರ್ಮಾನ ಆಯ್ತಲ್ಲ?"

ಬೆನ್ಯೂಯಲ್ ಟೋಪಿ ತೆಗೆದು ನಿಂತ. ಅವನ ಜನ ಆಣೆ ಮಾಡುವುದಿಲ್ಲ. ಸುಳ್ಳಂತೂ ಹೇಳುವುದೇ ಇಲ್ಲ.

"ಕಾರು ಓಡಿಸಬಾರದು ಅನ್ನೋದು ನಿಮ್ಮ ಸ್ವಂತ ನಂಬಿಕೆಯಾ?"

ಬೆನ್ಯೂಯಲ್ ಗಡ್ಡ ನೀವಿಕೊಂಡ. ಲೆಸ್ಟರ್ ಹಿಂದಿನಿಂದ ಕೋಳಿ ನುಂಗಿದವನಂತೆ ತಲೆ ಕುಣಿಸಿ ಹೌದೆನ್ನು ಎಂದು ಸನ್ನೆ ಮಾಡಿದ.

"ಅಲ್ಲಮ್ಮ. ಸಭೆಗೆ ಸೇರೋ ಮೊದಲು, ಹದಿನೇಳರಲ್ಲಿ, ಒಂದು ಪಿಕಪ್ ಓಡಿಸ್ಕೊಂಡು ಒಹಾಯೊವರೆಗೂ ಹೋಗಿದ್ದೆ. ಆಹಾ, ಏನು ಗಾಡಿ! ಈಗ್ಲೂ ಆಸೆ ಇದೆ. ಸಭೆ ಬೇಡ ಅಂದಿದೆ, ಬಿಟ್ಟಿದ್ದೀನಿ. ಸ್ವಂತ ನಂಬಿಕೆ ಅಂತ ನಮ್ಮಲ್ಲಿ ಏನೂ ಇಟ್ಕೊಳ್ಳಲ್ಲ. ಅದು ಅಹಂಕಾರ."

"ಉಳಿದವರೂ ಹೀಗೇನಾ?"

ಹದಿಮೂರು ತಲೆಗಳು ಹೌದೆಂದು ಆಡಿದವು.

ಮಧ್ಯಾಹ್ನದೊಳಗೆ ತೀರ್ಪು ಬಂತು. ಲೆಸ್ಟರನ ಪರ್ಮಿಟ್ ಊರ್ಜಿತ. ಬಾಡಿಗೆಗೆ ಕೂರಲು ಅರ್ಹರು: ಡೊಲೊರಿಸ್ ಕ್ರಾಟ್ಜರ್.

ಆಯೋಗದ ವಕೀಲರು ಮೆಟ್ಟಿಲ ಮೇಲೆ ಲೆಸ್ಟರನ ಕೈ ಕುಲುಕಿದರು. "ಅಭಿನಂದನೆ. ಆಮಿಶರು ಆ ನಿಯಮದೊಳಗೆ ಸೇರ್ತಿದ್ದದ್ದೇ ನಮ್ಮ ಅರ್ಥದಿಂದ ಮಾರಾಯ. ಅದನ್ನ ನೀವೇ ಹೊಡೆದು ಹಾಕಿದ್ರಿ."

ಲೆಸ್ಟರ್ ಕಾಲೆಳೆಯುತ್ತ ವ್ಯಾನಿನ ಹತ್ತಿರ ಬಂದ. ಹದಿನಾಲ್ಕೂ ಜನ ಒಳಗೆ ಕೂತಾಗಿತ್ತು.

"ನಿಮ್ಮನ್ನ ಕರ್ಕೊಂಡು ಹೋಗೋ ಹಾಗಿಲ್ಲ," ಎಂದ ಅಳುಮೋರೆ ಮಾಡಿ.

"ಬಾಡಿಗೆ ತಗೊಂಡ್ರೆ ತಾನೇ ಕಾನೂನು?" ಬೆನ್ಯೂಯಲ್ ಸಮಾಧಾನ ಹೇಳಿದ. "ನೆರೆಯವರು ಅಂತ ಸುಮ್ನೆ ಬಿಟ್ಟು ಬಾ. ಮಂಗಳವಾರ ಸಂತೆಗೂ ಹಾಗೇ ಬರ್ತೀವಿ."

ಲೆಸ್ಟರ್ ಕೊನೆಯ ಆಸೆಯಿಂದ ಮುಂದಿನ ಸೀಟು ನೋಡಿದ. ಖಾಲಿ. ಕೆಂಪು ಕೋಟು ಸ್ಟಿಯರಿಂಗಿನ ಹಿಂದೆ ಕೂತಿತ್ತು.

"ಕೀಲಿ ಕೊಡೋ," ಎಂದಳು ಡೊಲೊರಿಸ್, ಕಣ್ಣರಳಿಸಿ. "ಅಷ್ಟು ಜನ ಚಪ್ಪಾಳೆ ತಟ್ಟಿದ್ಮೇಲೆ ಎಂಥಾ ಧೈರ್ಯ ಬಂತು ಗೊತ್ತಾ! ಆ ಹಳೇ ನಂಬಿಕೆ ಎಲ್ಲ ಹೋಯ್ತು. ನಾಳೆಯಿಂದ ಎಲ್ಲಿಗೆ ಹೋಗೋದಾದ್ರೂ ನಾನೇ ಓಡಿಸ್ಕೊಂಡು ಹೋಗ್ತೀನಿ!"

ಹಿಂದಿನಿಂದ ಗಡಿಯಾರ ಹನ್ನೆರಡು ಬಾರಿಸಿತು. ಅದು ನಿಂತ ಮೇಲೆ ಬೆನ್ಯೂಯಲ್ ಮೆಲ್ಲಗೆ ಹೇಳಿದ:

"ನೋಡಿದ್ಯಾ ಲೆಸ್ಟರ್? ಇದಕ್ಕೇ ನಾವು ಸ್ವಂತ ನಂಬಿಕೆ ಇಟ್ಕೊಳ್ಳಲ್ಲ."