ನನ್ನ ಹೊಂಡ, ನಮ್ಮಾಕೆಯ ಮೀನು

ನಮ್ಮ ಮನೆಯ ನೆಮ್ಮದಿ ಹಾಳಾದದ್ದು ಹೈಬ್ರಿಡ್ ಎಂಬ ಒಂದು ಶಬ್ದದಿಂದ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಕಲಘಟಗಿ ತಾಲೂಕಿನಲ್ಲಿ ಯಾರು ಬಾಯಿ ತೆರೆದರೂ ಹೈಬ್ರಿಡ್ಡೇ. ಹತ್ತಿ ಹೈಬ್ರಿಡ್, ಜೋಳ ಹೈಬ್ರಿಡ್, ಮೆಣಸಿನಕಾಯಿಯೂ ಹೈಬ್ರಿಡ್ ಆಗಲಿದೆ ಎಂಬ ಸುದ್ದಿ. (ಗಂಡನೊಬ್ಬ ಮಾತ್ರ ಹಳೇ ತಳಿ ಉಳಿದುಬಿಟ್ಟ ಎಂದು ನಮ್ಮಾಕೆ ಮಹಾದೇವಕ್ಕ ನೆರೆಹೊರೆಯವರ ಮುಂದೆ ಹೇಳುತ್ತಿದ್ದಳು.) ದುಮ್ಮವಾಡದ ಬಾಜೂ ಊರಿನ ಈ ಮಡಿವಾಳೆಪ್ಪಗೌಡ ಹೊಸದೇನಾದರೂ ಕಂಡರೆ ಸುಮ್ಮನೆ ಕೂಡುವ ಪೈಕಿ ಅಲ್ಲ. ಬಿಳಿಜೋಳ ಕಡಿಮೆ ಮಾಡಿ ಅರ್ಧ ಹೊಲಕ್ಕೆ ಹೈಬ್ರಿಡ್ ಜೋಳ ಬಿತ್ತಿದೆ. ಬೆಳೆಯೇನೋ ಕಾಳು ಕೂಡಿಡುವ ಹಗೇವು ತುಂಬಿ ಹೊರಗೆ ಚೆಲ್ಲುವಷ್ಟು ಬಂತು. ಆದರೆ ಅದರ ಹಿಟ್ಟು ಜಿಗಿಯಾಗಲಿಲ್ಲ. ತಟ್ಟಿದರೆ ಅಂಚು ಬಿರಿಯಿತು, ಬೇಯಿಸಿದರೆ ಉಬ್ಬಲಿಲ್ಲ, ಆರಿದ ಮೇಲೆ ಹಲ್ಲಿಗೆ ಬಗ್ಗಲಿಲ್ಲ.

"ಇದನ್ನ ರೊಟ್ಟಿ ಅಂತ ತಿನ್ರಿ, ಇಲ್ಲಾ ಹಂಚು ಅಂತ ಮನೀ ಮ್ಯಾಲ ಹೊದಸ್ರಿ. ಎರಡಕ್ಕೂ ನಡೀತೈತಿ," ಎಂದು ನಮ್ಮಾಕೆ ತಾಟಿನಲ್ಲಿ ರೊಟ್ಟಿ ಕುಕ್ಕಿದಳು.

ಗಾಯ ಆರುವ ಮೊದಲೇ ನಾಗರ ಪಂಚಮಿ ಬಂತು. ಪಂಚಮಿ ಎಂದರೆ ನಮ್ಮ ಕಡೆ ಅಣ್ಣ ತಮ್ಮಂದಿರು ಬಂದು ಅಕ್ಕ ತಂಗಿಯರನ್ನು ತವರಿಗೆ ಕರೆದೊಯ್ಯುವ ಹಬ್ಬ. ನಮ್ಮಾಕೆಯ ತಮ್ಮ, ಗುಡಗೇರಿಯ ಈರಬಸಪ್ಪ, ಆ ವರ್ಷ ಟ್ರ್ಯಾಕ್ಟರಿನ ಮೇಲೆ ಬಂದ. ನಡುವೆ ಹುಬ್ಬಳ್ಳಿ ದಾಟಿ ಅಷ್ಟು ದೂರದಿಂದ ಟ್ರ್ಯಾಕ್ಟರ್ ಹೊಡೆದುಕೊಂಡು ಬರುವ ಅಗತ್ಯವೇನಿತ್ತು ನೀವೇ ಹೇಳಿ. ತೋರಿಸಬೇಕಿತ್ತು, ಅಷ್ಟೇ. ಟ್ರೇಲರಿನಲ್ಲಿ ಗಾದಿ ಹಾಸಿ, ಅಕ್ಕನನ್ನು ಮೆರವಣಿಗೆಯಲ್ಲಿ ಕೂಡಿಸಿದ ಹಾಗೆ ಕೂಡಿಸಿ, ನನ್ನ ಕಡೆ ತಿರುಗಿದ.

"ಮಾಮಾ, ನಿಮ್ದಿನ್ನೂ ಚಕ್ಕಡೀನ ಏನ್ರಿ?"

ಸುತ್ತ ನಿಂತಿದ್ದ ಇಡೀ ಓಣಿ ನಕ್ಕಿತು. ನಮ್ಮಾಕೆಯೂ ಸೆರಗಿನ ಮರೆಯಲ್ಲಿ ನಕ್ಕಳು. ನನ್ನ ಮೀಸೆ ತನ್ನಷ್ಟಕ್ಕೆ ತಾನೇ ಸೆಟೆಯಿತು.

"ಮುಂದಿನ ಪಂಚಮಿಗೆ ನೀ ಬರೂದ ಬ್ಯಾಡಲೇ ಈರಬಸಪ್ಪಾ. ನಾನ ನಿಮ್ಮಕ್ಕನ್ನ ಫಟಫಟಿ ಮ್ಯಾಲ ಕೂಡಿಸ್ಕೊಂಡು ಗುಡಗೇರಿಗೆ ಬರ್ತೀನಿ!"

ಮಾತು ಬಾಯಿಂದ ಜಾರಿತು. ಫಟಫಟಿ ಎಂದರೆ ಮೋಟಾರ್ ಸೈಕಲ್ ಎಂಬುದೊಂದು ಬಿಟ್ಟರೆ ಅದರ ಬಗ್ಗೆ ನನಗೆ ಬೇರೇನೂ ತಿಳಿದಿರಲಿಲ್ಲ. ಆದರೆ ಮಾತು ಆಡಿದ್ದು ಹೆಂಡತಿಯ ತವರಿನವರ ಮುಂದೆ. ತಪ್ಪಿದರೆ ಆ ಮನೆಯ ಪಂಕ್ತಿಯಲ್ಲಿ ಮತ್ತೆ ಹೋಳಿಗೆ ಗಂಟಲಿಗೆ ಇಳಿಯುವಂತಿರಲಿಲ್ಲ.

ದಾರಿ ತೋರಿಸಿದವನು ಗ್ರಾಮಸೇವಕ ಹನಮಂತಪ್ಪ. "ಗೌಡ್ರ, ಹೊಲದಾಗ ಅಂಥಾ ಹೊಂಡ ಇಟ್ಕೊಂಡು ಬರೇ ಕಪ್ಪಿ ಸಾಕೀರಲ್ರಿ! ಮೀನ ಬಿಡ್ರಿ. ಈಗ ಹೊಸಾವು ಬಂದಾವ. ತಂದಿ ಕಟ್ಲಾ, ತಾಯಿ ರೋಹು. ಹೈಬ್ರಿಡ್!"

ಕೊನೆಯ ಶಬ್ದ ಕಿವಿಗೆ ಬಿದ್ದ ಮೇಲೆ ನಾನು ನನ್ನ ಸ್ವಾಧೀನದಲ್ಲಿ ಇರಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆತನ, ತಲೆತಲಾಂತರದಿಂದ ಮೀನಿನ ವಾಸನೆ ಬಂದರೆ ದಾರಿ ಬದಲಿಸಿದವರು. ಆದರೇನು? ನಾವು ಸಾಕುವವರು, ತಿನ್ನುವವರು ಬೇರೆ, ಪಾಪವೂ ಅವರದೇ ಎಂದು ನನ್ನ ಮನಸ್ಸಿನ ಕೋರ್ಟಿನಲ್ಲಿ ನಾನೇ ವಕೀಲ, ನಾನೇ ಜಡ್ಜ್ ಆಗಿ ತೀರ್ಪು ಕೊಟ್ಟುಕೊಂಡೆ.

ಹೊಂಡಕ್ಕೆ ಸುಣ್ಣ ಹಾಕಿಸಿದೆ, ಬುಟ್ಟಿಗಟ್ಟಲೆ ಸಗಣಿ ಸುರಿಸಿದೆ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಚೀಲವನ್ನು ಹಾಗೇ ನೀರಿನಲ್ಲಿ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಬೇಕು ಎಂದು ಹನಮಂತಪ್ಪ ಹೇಳಿದ್ದ. ನಾನು ಹಾಗೆ ತೇಲಬಿಟ್ಟು ಕುಕ್ಕರಗಾಲಲ್ಲಿ ಕೂತಿದ್ದಾಗಲೇ ನಮ್ಮಾಕೆ ಬುತ್ತಿ ಹೊತ್ತು ಬಂದಳು.

"ಏನ್ರಿ ಅದು?"

"ಏನಿಲ್ಲ. ನೀರು."

"ನೀರಿಗೆ ಕಣ್ಣ ಯಾಕದಾವ?"

ನಾನು ಚೀಲಕ್ಕೆ ಕೈ ಅಡ್ಡ ಹಿಡಿದೆ. "ಇವು ಪಾಚಿ ತಿನ್ನೂ ಮೀನ. ಹೊಂಡ ಸ್ವಚ್ಛ ಆಗ್ಲೆಂತ ಸರಕಾರದವರು ಕೊಟ್ಟಾರ. ಅಗದಿ ಶಾಕಾಹಾರಿ. ತಂದಿ ಕಟ್ಲಾ, ತಾಯಿ ರೋಹು."

ನಮ್ಮಾಕೆ ಬುತ್ತಿ ಕೆಳಗಿಟ್ಟಳು. "ಅಯ್ಯ ಶಿವನ! ತಂದೀದೊಂದು ಜಾತಿ, ತಾಯೀದೊಂದು ಜಾತಿ? ಹಂಗಾರ ಇವಕ್ಕ ಅತ್ತ ಅಪ್ಪನ ಬಳಗೂ ಇಲ್ಲ, ಇತ್ತ ಅವ್ವನ ಬಳಗೂ ಇಲ್ಲ. ಇವನ್ನ ನೋಡಾವ್ರ್ಯಾರು?"

ಆ ದನಿ ಮೆತ್ತಗಾದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸಿದ ಮೇಲೆ ಆ ದನಿ ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ನಾನು ಚೀಲದ ಬಾಯಿ ಬಿಚ್ಚಿದೆ, ಮರಿಗಳು ನೀರಿಗೆ ಹರಿದವು. ಆಕೆ ನನ್ನ ಬುತ್ತಿಯ ಹೈಬ್ರಿಡ್ ರೊಟ್ಟಿಯನ್ನು ಪುಡಿ ಮಾಡಿ ಎಸೆದಳು. ಮರಿಗಳು ಮುತ್ತಿಕೊಂಡವು.

"ನೋಡ್ರಿ! ನಿಮ್ಮ ಹೈಬ್ರಿಡ್ ಜ್ವಾಳಾ ತಿನ್ನಾವ್ರೂ ಈ ಭೂಮಿ ಮ್ಯಾಲ ಅದಾರ!"

"ಭೂಮಿ ಮ್ಯಾಲಲ್ಲ, ನೀರಾಗ," ಎಂದು ತಿದ್ದಿದೆ. ನನ್ನ ಬುತ್ತಿ ಹೋಗಿತ್ತು.

ಅಲ್ಲಿಂದ ದಿನಾ ಮುಂಜಾನೆ ಆಕೆ ಹೊಂಡದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, ಬಳೆ ಝಣಝಣಿಸಿ, "ಬರ್ರೆಪಾ, ಬರ್ರಿ, ಉಣ್ಣಬರ್ರಿ," ಎಂದು ಕರೆಯತೊಡಗಿದಳು. ಆಕೆಯ ಕೆಂಪು ಸೆರಗಿನ ನೆರಳು ನೀರಿನಲ್ಲಿ ಬಿದ್ದರೆ ಸಾಕು, ಹೊಂಡದ ಮೂಲೆಮೂಲೆಯಿಂದ ನೀರು ಸೀಳಿಕೊಂಡು ಬರುತ್ತಿದ್ದವು. ತಲೆ ದಪ್ಪಗಿದ್ದ ಒಂದಕ್ಕೆ ದುಂಡವ್ವ ಎಂದು ಹೆಸರಿಟ್ಟಳು. ಸೋಮವಾರ ಕಲ್ಲಿಗೆ ವಿಭೂತಿ ಬಂತು. ಓಣಿಯ ಹೆಂಗಸರು ನೋಡಲು ಬಂದರು. ಕರೆದರೆ ನಮ್ಮ ಮನೆಯ ನಾಯಿಯೂ ಬರುವುದಿಲ್ಲ, ಇವು ಬರುತ್ತಿದ್ದವು. (ನಾನೂ ಒಮ್ಮೆ ಯಾರಿಗೂ ಕಾಣದಂತೆ ಕರೆದು ನೋಡಿದೆ. ಒಂದು ಕಪ್ಪೆ ಬಂತು.)

ನನ್ನ ತಲೆಯಲ್ಲಿ ಓಡುತ್ತಿದ್ದುದು ಫಟಫಟಿ ಮಾತ್ರ. ಕಳ್ಳರು ಬಲೆ ಬೀಸಿ ಮೀನು ಹೊಡೆದಾರು ಎಂಬ ಹೆದರಿಕೆ ಹುಟ್ಟಿತು. ಅದಕ್ಕೆ ಉಪಾಯವನ್ನೂ ಮಾಡಿದೆ. ಚಕ್ಕಡಿಗಟ್ಟಲೆ ಜಾಲಿ ಮುಳ್ಳಿನ ಟೊಂಗೆ ತರಿಸಿ ಹೊಂಡದ ತುಂಬ ಮುಳುಗಿಸಿದೆ. ಆಕೆ ನಿಲ್ಲುವ ಕಲ್ಲಿನ ಮುಂದಿನ ಜಾಗ ಒಂದನ್ನು ಮಾತ್ರ ಬಿಟ್ಟೆ. ಇನ್ನು ಯಾವ ಶೂರ ಬಲೆ ಎಳೆಯುತ್ತಾನೋ ನೋಡೋಣ ಎಂದು ಮೀಸೆ ತಿರುವಿದೆ. ಆ ಶೂರ ಮುಂದೆ ನಾನೇ ಆಗುವವನಿದ್ದೇನೆ ಎಂಬುದು ಹೊಳೆಯಲಿಲ್ಲ.

ಬೇಸಿಗೆ ಬಂತು, ಹೊಂಡ ಇಳಿಯಿತು, ಮೀನು ಮೊಳದುದ್ದ ಬೆಳೆದಿದ್ದವು. ಕಲಘಟಗಿಯ ಮೀನಿನ ವ್ಯಾಪಾರಿ ಮಹಬೂಬಸಾಬ ಎತ್ತು ನೋಡುವ ನೆಪದಲ್ಲಿ ಬಂದು, ಮೀನು ನೋಡಿ ತಲೆದೂಗಿ ಹೋಗಿದ್ದ. ಉಳಿದ ಪ್ರಶ್ನೆ ಒಂದೇ, ನಮ್ಮಾಕೆಯನ್ನು ಊರು ಬಿಡಿಸುವುದು ಹೇಗೆ? ಅದಕ್ಕೂ ದೇವರು ದಾರಿ ಮಾಡಿದ. ಈರಬಸಪ್ಪನಿಗೆ ಮೂರನೇ ಮಗ ಹುಟ್ಟಿ, ತೊಟ್ಟಿಲ ಕಾರ್ಯಕ್ಕೆ ಕರೆ ಬಂತು.

"ಹೋಗಿ ಬಾ. ಎಂಟು ದಿನ ಇದ್ದು ಬಾ. ಹದಿನೈದು ದಿನ ಇರು ಬೇಕಾರ," ಎಂದೆ ಉದಾರವಾಗಿ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಲಗ್ನ ಆದಾಗಿಂದ ಎರಡು ದಿನಕ್ಕ ಮ್ಯಾಲ ತವರಿಗೆ ಬಿಟ್ಟಾವ್ರಲ್ಲ ನೀವು. ಮೀನಿಗೆ ಯಾರು ಹಾಕ್ತಾರ?"

"ನಾ ಇಲ್ಲೇನು?"

"ನೀವು ಕರದ್ರ ಬರೂದಿಲ್ಲ ಅವು," ಎಂದು ಮೋರೆ ಸಣ್ಣದು ಮಾಡಿಕೊಂಡು ಬಸ್ಸು ಹತ್ತಿದಳು.

ಮರುದಿನ ಮುಂಜಾನೆಯೇ ಮಹಬೂಬಸಾಬ ಬಂದ. ತಂದ ಎಳೆಬಲೆಯನ್ನು ಹೊಂಡಕ್ಕೆ ಇಳಿಸಿ ನಾಲ್ಕು ಹೆಜ್ಜೆ ಎಳೆದನೋ ಇಲ್ಲವೋ, ಚರ್ರ್ ಎಂದು ಸದ್ದು. ಬಲೆ ಮೇಲೆ ಬಂದಾಗ ಅದರಲ್ಲಿ ಮೀನಿರಲಿಲ್ಲ, ಜಾಲಿ ಟೊಂಗೆ ಇತ್ತು. ಮತ್ತು ಬಲೆ ಇದ್ದಲ್ಲಿ ಹೆಚ್ಚಾಗಿ ತೂತೇ ಇತ್ತು.

"ಯಾ ಅಲ್ಲಾ! ಯಾ ಬದ್ಮಾಶ್ ಹಾಕ್ಯಾನ್ರಿ ಗೌಡ್ರ ಈ ಮುಳ್ಳು?"

"ಯಾರೋ ಏನೋ, ಕಾಲ ಭಾಳ ಕೆಟ್ಟೈತಿ," ಎಂದೆ ನಾನು.

ಅವನ ಬಳಿ ಅಂಚಿಗೆ ಸೀಸದ ಗುಂಡು ಪೋಣಿಸಿದ ಬೀಸುಬಲೆಯೂ ಇತ್ತು. ಆದರೆ ಮುಳ್ಳಿಲ್ಲದ ಜಾಗ ಆ ಕಲ್ಲಿನ ಮುಂದೆ ಮಾತ್ರ. ಮೀನು ಅಲ್ಲಿಗೆ ಬಂದು ಗುಂಪಾದರೆ ಬೀಸಬಹುದು. ನಾನು ಕಲ್ಲಿನ ಮೇಲೆ ನಿಂತು ಕರೆದೆ. ಮೆತ್ತಗೆ ಕರೆದೆ, ಗದರಿಸಿ ಕರೆದೆ. ನೀರು ಅಲುಗಲಿಲ್ಲ.

ಮಹಬೂಬಸಾಬ ಬೀಡಿ ಹಚ್ಚಿದ. "ಹೊಂಡ ನಿಮ್ದು ಖರೆ ಗೌಡ್ರ. ಮೀನ ಮಾತ್ರ ಅಕ್ಕಾರವು. ಅಕ್ಕಾರ ಸೀರಿ ಉಟ್ಕೊಂಡು ನಿಂದ್ರ್ರಿ ಮತ್ತ," ಎಂದು ನಕ್ಕ.

ಅವನು ನಗೆಯಾಡಿದ್ದ. ನನಗೆ ಮಾತ್ರ ತಲೆಯಲ್ಲಿ ದೀಪ ಹೊತ್ತಿತು. ಮನೆಗೆ ಓಡಿ, ಟ್ರಂಕು ತೆರೆದು, ಮೇಲಿದ್ದ ಇಳಕಲ್ ಸೀರೆ ಎಳೆದುಕೊಂಡು, ಎರಡು ಒಣರೊಟ್ಟಿ ಬಗಲಲ್ಲಿಟ್ಟುಕೊಂಡು ಬಂದೆ. ಟ್ರಂಕಿನಲ್ಲಿದ್ದ ಆಕೆಯ ಬಳೆಗಳನ್ನೂ ತಂದಿದ್ದೆ, ಅವು ನನ್ನ ಬೆರಳನ್ನೇ ದಾಟಲಿಲ್ಲ. ಎಲ್ಲವನ್ನೂ ದಾರದಲ್ಲಿ ಪೋಣಿಸಿ ಮುಂಗೈಗೆ ಕಟ್ಟಿಕೊಂಡೆ. ಧೋತರದ ಮೇಲೆಯೇ ಸೀರೆ ಸುತ್ತಿ, ಮೀಸೆ ಮುಚ್ಚುವಂತೆ ಸೆರಗು ಎಳೆದು, ಕಲ್ಲಿನ ಮೇಲೆ ನಿಂತು ಝಣಝಣಿಸಿದೆ. ಗಂಟಲು ಸಣ್ಣ ಮಾಡಿ ಕೂಗಿದೆ, "ಬರ್ರೆಪಾ, ಬರ್ರಿ, ಉಣ್ಣಬರ್ರಿ."

ನೀರು ಸೀಳಿತು. ಬಂದವು. ಒಂದಲ್ಲ, ಎರಡಲ್ಲ, ಕಲ್ಲಿನ ಮುಂದಿನ ನೀರೆಲ್ಲ ಬೆನ್ನುಗಳೇ. ಅಷ್ಟು ಹತ್ತಿರದಿಂದ ನಾನು ಅವನ್ನು ನೋಡಿಯೇ ಇರಲಿಲ್ಲ. ದುಂಡವ್ವ ಎಲ್ಲರನ್ನೂ ನೂಕಿಕೊಂಡು ಬಂದು ನನ್ನ ಬೆರಳಿನಿಂದಲೇ ರೊಟ್ಟಿ ಕಿತ್ತುಕೊಂಡಿತು. ಅದರ ಮೆತ್ತನೆ ತುಟಿ ಬೆರಳಿಗೆ ತಾಗಿ ಮೈ ಜುಮ್ಮೆಂದಿತು. ನಮ್ಮ ಸಣ್ಣ ಮಗಳು ಹಲ್ಲು ಬರುವ ಮೊದಲು ಹೀಗೆಯೇ ನನ್ನ ಬೆರಳು ಚೀಪುತ್ತಿದ್ದಳು.

ಹಿಂದೆ ಮಹಬೂಬಸಾಬ ಬಲೆ ಎತ್ತಿದ್ದ. "ಸರೀರಿ ಗೌಡ್ರ, ಬೀಸ್ತೀನಿ."

"ತಡಿಯೋ."

"ಯಾಕ್ರಿ?"

"ಇನ್ನೊಂದು ರೊಟ್ಟಿ ಐತಿ. ತಿನ್ಲಿ ತಡಿ."

"ಗೌಡ್ರ, ಇವು ಬೀಗರಲ್ರಿ!"

"ತಡಿ ಅಂದ್ರ ತಡಿ!" ಎಂದು ನಾನು ಸಣ್ಣ ಗಂಟಲು ಬಿಟ್ಟು ಸ್ವಂತ ಗಂಟಲಲ್ಲಿ ಒದರಿದೆ.

ಆಗ ಬದುವಿನ ಮೇಲಿಂದ ಒಂದು ದನಿ ಬಂತು. "ಅಕ್ಕಾ, ಅಲ್ಲಿ ನಿನ್ನ ಸೀರಿ ಉಟ್ಟಾಕಿ ಯಾರಬೇ?"

ಈರಬಸಪ್ಪ. ಅವನ ಪಕ್ಕದಲ್ಲಿ ಗಂಟು ಹಿಡಿದ ನಮ್ಮಾಕೆ. ಹಿಂದಿನ ಸಂಜೆ ತೊಟ್ಟಿಲಿಗೆ ಕೂಸು ಹಾಕಿದ್ದೇ ತಡ, ಮೀನು ಉಪವಾಸ ಬಿದ್ದಾವು ಎಂದು ಅನ್ನ ಬಿಟ್ಟು ಕೂತು, ಬೆಳಗಿನ ಮೊದಲ ಬಸ್ಸಿಗೇ ಹೊರಟುಬಂದಿದ್ದಳಂತೆ. ಇಷ್ಟು ಅಂತಃಕರಣದ ಮೀನನ್ನು ತಾನೂ ನೋಡಬೇಕೆಂದು ತಮ್ಮನೂ ಬೆನ್ನು ಹತ್ತಿದ್ದ.

ನಾನು ತಿರುಗಿದೆ. ಸೆರಗು ಜಾರಿ ಮೀಸೆ ಬಯಲಾಯಿತು. ಮಹಬೂಬಸಾಬ ಎತ್ತಿದ ಬಲೆಯನ್ನು ಏನು ಮಾಡಬೇಕೋ ತಿಳಿಯದೆ ಮೈಗೆ ಶಾಲಿನಂತೆ ಹೊದ್ದು ಕೈಮುಗಿದ. "ಸಲಾಂ ಅಕ್ಕಾರ. ದರ್ಶನಕ್ಕ ಬಂದಿದ್ನ್ರಿ."

ಸತ್ತರೆ ಮೇಲು ಎನಿಸಿತು ನನಗೆ. ಈರಬಸಪ್ಪ ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕೂತೇಬಿಟ್ಟ. "ಮಾಮಾ! ಫಟಫಟಿ ಮ್ಯಾಲ ಬರ್ತೀನಂದಿದ್ರಿ, ಸೀರಿ ಒಳಗ ಬಂದ್ರಲ್ರಿ!"

ನಮ್ಮಾಕೆ ನಗಲಿಲ್ಲ. ಒಮ್ಮೆ ನೀರು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ಏನ್ ನಗ್ತೀಯಲೇ? ಸೀರಿ ಕಂಡ್ರಷ್ಟ ಬರ್ತಾವವು. ಮೂಕ ಜೀವ ಹಸಗೊಂಡಿರಬಾರ್ದಂತ ಗೌಡ ಆದಾಂವ ಮಾನಾ ಮರ್ಯಾದಿ ಬಿಟ್ಟು ಹೇಂತಿ ಸೀರಿ ಉಟ್ಟಾನ. ನೀ ನಿನ್ನ ಹೇಂತಿಗೆ ಒಂದ್ ವಾಟಗಾ ನೀರ ಕೊಟ್ಟೀಯೇನು?" ಎಂದಳು.

ಈರಬಸಪ್ಪನ ನಗೆ ಅಲ್ಲೇ ನಿಂತಿತು. ಮಹಬೂಬಸಾಬ ಹೌದ್ರಿ, ಹೌದ್ರಿ ಎನ್ನುತ್ತ ಹಿಂದೆ ಹಿಂದೆ ಸರಿದು ಮಾಯವಾದ. ನಾನು ಬದುಕಿದೆ ಎಂದುಕೊಂಡೆ. ತಮ್ಮ ಉಂಡು, ಸಂಜೆಯ ಬಸ್ಸಿಗೆ ಹೋಗುವವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಅವನನ್ನು ಕಳಿಸಿ ಬಂದು ನಾನು ತಾಟಿನ ಮುಂದೆ ಕೂತಾಗ ಆಕೆ ಎದುರಿಗೆ ಕೂತಳು.

"ಮಹಬೂಬಸಾಬ ಹೊದ್ದಿದ್ದ ಶಾಲಿನ ಅಂಚಿಗೆ ಸೀಸದ ಗುಂಡ ಯಾಕಿದ್ದುವ್ರಿ?"

ತುತ್ತು ಕೈಯಲ್ಲೇ ಉಳಿಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಾ ತಡಿ ಅಂದಿದ್ದೆ," ಎಂದೆ.

"ಅದನ್ನೂ ಕೇಳೀನಿ. ತಡಿ ಅಂದದ್ದಕ್ಕನ ಇವತ್ತ ಒಳಗ ಕುಂತು ಉಣ್ಣಾಕ್ಹತ್ತೀರಿ." ಆಕೆಯ ಕಣ್ಣಲ್ಲಿ ನೀರಿತ್ತು. ಮರುಗಳಿಗೆಗೆ ದನಿ ಏರಿತು. "ಅಲ್ರೀ, ಟ್ರಂಕಿನ್ಯಾಗ ನಾಕು ಹಳೇ ಸೀರಿ ಇದ್ದುವು. ನಮ್ಮವ್ವ ಉಡಿಸಿದ ಸೀರೀನ ಆಗಬೇಕಾಗಿತ್ತೇನು? ಅಂಚಿನ ತುಂಬ ರಾಡಿ!"

ಶಿಕ್ಷೆ ಏನೆಂದು ಮುಂದಿನ ಪಂಚಮಿಗೆ ಪೂರ್ತಿ ತಿಳಿಯಿತು. ಈರಬಸಪ್ಪ ಅದೇ ಟ್ರ್ಯಾಕ್ಟರಿನ ಮೇಲೆ, ಅದೇ ಗಾದಿ ಹಾಸಿಕೊಂಡು ಬಂದ. ಹೊರಡುವ ಮುಂದೆ ನಮ್ಮಾಕೆ ನನ್ನನ್ನು ಅಡುಗೆಮನೆಗೆ ಕರೆದು ಎರಡು ಬುಟ್ಟಿ ತೋರಿಸಿದಳು.

"ಗೂಟಕ್ಕ ಹಳೇ ಸೀರಿ ಹಾಕೀನಿ, ಅದನ್ನ ಉಟ್ಕೊಂಡು ಹೋಗ್ರಿ. ಈ ಬುಟ್ಟ್ಯಾಗಿನ ಬಿಳೀ ಜ್ವಾಳದ ರೊಟ್ಟಿ ಅವಕ್ಕ. ಪಾಪ, ಬಲಿ ಕಂಡು ಜೀವಕ್ಕ ಹೆದರ್ಯಾವು, ಅವತ್ತಿನಿಂದ ಇದನ್ನ ತಿಂದು ರೂಢಿ ಆಗೈತಿ. ಆ ಬುಟ್ಟ್ಯಾಗಿನ ಹೈಬ್ರಿಡ್ಡು ನಿಮಗ, ನಿಮಗ ಅದರ ಮ್ಯಾಲ ಭಾಳ ಪ್ರೀತಿ ಅಲ್ಲ. ಅದಲಬದಲ ಮಾಡಬ್ಯಾಡ್ರಿ, ಅವಕ್ಕ ಗೊತ್ತಾಗ್ತೈತಿ."

ಟ್ರ್ಯಾಕ್ಟರ್ ದೂಳೆಬ್ಬಿಸಿ ಹೋಯಿತು. ನಾನು ಸೀರೆ ಸುತ್ತಿಕೊಂಡು ಕಲ್ಲಿನ ಮೇಲೆ ನಿಂತು ಝಣಝಣಿಸಿದೆ. ಬಂದವು. ಹೊಂಡ ನನ್ನದು, ಜೋಳ ನನ್ನದು, ಸುತ್ತಮುತ್ತ ಯಾರೂ ಇಲ್ಲ. ಬಿಳಿಜೋಳದ ರೊಟ್ಟಿ ಒಂದನ್ನು ನನ್ನ ಬಾಯಿಗೆ ಹಾಕಿಕೊಂಡು, ಹೈಬ್ರಿಡ್ ತುಂಡೊಂದನ್ನು ನೀರಿಗೆ ಎಸೆದೆ. ದುಂಡವ್ವ ಅದನ್ನು ಬಾಯಿಗೆ ತೆಗೆದುಕೊಂಡಿತು, ಹೊರಳಿಸಿತು, ಥೂ ಎಂದು ಉಗುಳಿತು. ಆಮೇಲೆ ನೀರಿನಿಂದ ತಲೆಯೆತ್ತಿ ನನ್ನ ಮೋರೆಯನ್ನೇ ನೋಡಿತು, ಥೇಟ್ ನಮ್ಮಾಕೆ ನೋಡುವ ಹಾಗೆ.