ಹುವಾರ್ನ್ ಎಂಬ ಹೆಸರಿನ ತೂಕ

ತನ್ನ ಮಗನ ಹೆಸರು ಇಡೀ ಬ್ರಿಟನಿಯಲ್ಲಿ, ಸಾಧ್ಯವಾದರೆ ಇಡೀ ಫ್ರಾನ್ಸಿನಲ್ಲಿ, ಇನ್ನೊಬ್ಬನಿಗೆ ಇರಕೂಡದು ಎಂದು ಯಾನ್ ಲೆ ಗಲ್ ಭೀಷಣ ಶಪಥ ಮಾಡಿದ. ಮಗ ಆಗ ಇನ್ನೂ ಹೊಟ್ಟೆಯಲ್ಲಿದ್ದ.

ಶಪಥಕ್ಕೆ ಕಾರಣವಿತ್ತು. ಅವನು ಕೆಲಸ ಮಾಡುವ ಹೂಕೋಸಿನ ಮಂಡಿಯಲ್ಲಿ ಯಾನ್‌ಗಳು ಐದು ಜನ. ಉದ್ದ ಯಾನ್, ಲಾರಿ ಯಾನ್, ಲೆಕ್ಕದ ಯಾನ್, ಬೀಡಾಡಿ ಯಾನ್. ಇವನು ಬೊಕ್ಕ ಯಾನ್. ತಲೆಯ ಮೇಲೆ ಅರ್ಧಕ್ಕಿಂತ ಹೆಚ್ಚು ಕೂದಲಿದ್ದಾಗಲೇ ಈ ಬಿರುದನ್ನು ದಯಪಾಲಿಸಿಬಿಟ್ಟಿದ್ದರು. ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ 'ಯಾನ್ ಲೆ ಗಲ್' ಎಂದು ಕೂಗಿದಾಗ ಇವನೇ ಎದ್ದುಹೋಗಿ, ಮತ್ತೊಬ್ಬ ಯಾನ್ ಲೆ ಗಲ್‌ನ ದವಡೆಹಲ್ಲು ಕೀಳಿಸುವುದಕ್ಕೆ ತನ್ನ ಬಾಯಿ ತೆರೆದು ಕೂತಿದ್ದ. ಇಕ್ಕಳ ಬಾಯೊಳಗೆ ಹೋದ ಮೇಲೆ ಡಾಕ್ಟರಿಗೆ ಅನುಮಾನ ಬಂದದ್ದು ಅವನ ಪುಣ್ಯ.

ಹೆಂಡತಿ ಎನೋರಾಗೆ ಇಂಥ ಮಹತ್ವಾಕಾಂಕ್ಷೆ ಏನೂ ಇರಲಿಲ್ಲ. ಎಂಟು ತಿಂಗಳ ಬಸುರಿ, ಕಾಲು ಬಾತುಕೊಂಡಿತ್ತು.

"ಮಾಲೋ ಅಂತ ಇಡೋಣ ಬಿಡು" ಅಂದಳು.

"ಶಿಶುವಿಹಾರದಲ್ಲಿ ಈಗ್ಲೇ ನಾಲ್ಕು ಮಾಲೋ ಇದಾರೆ."

"ಇದ್ರೇನು, ಒಂದು ಸಲ ಕೂಗಿದ್ರೆ ಐದು ಜನ ಊಟಕ್ಕೆ ಬರ್ತಾರೆ ಅಷ್ಟೇ ತಾನೆ. ನಂಗೆ ಸಾಕಾಗಿದೆ ಯಾನ್. ಏನಾದ್ರೂ ಇಡು, ಒಂದೇ ಉಸಿರಲ್ಲಿ ಕೂಗೋ ಹಾಗಿರ್ಲಿ."

ಸರಿ, ಸಂಶೋಧನೆ ಶುರುವಾಯಿತು. ಹೆಸರಿನ ಅರ್ಥ, ಮೂಲ, ಜನಪ್ರಿಯತೆ ಎಂದು ಮೂರು ಅಂಕಣ ಎಳೆದು ಒಂದು ಇಡೀ ನೋಟುಪುಸ್ತಕ ತುಂಬಿಸಿದ. ಅರ್ಥ ಚೆನ್ನಾಗಿದ್ದರೆ ಜನಪ್ರಿಯತೆ ವಿಪರೀತ, ಜನಪ್ರಿಯತೆ ಇಲ್ಲದಿದ್ದರೆ ಅರ್ಥವೂ ಇಲ್ಲ. ಕೊನೆಗೆ ಒಂದು ಸಂಜೆ ಮಳೆಗೆ ಸಿಕ್ಕಿಕೊಂಡು ಮನೆಯಿಂದ ಅರ್ಧ ಮೈಲಿ ದೂರದ ಹಳೆಯ ಪುಟ್ಟ ಚರ್ಚಿನೊಳಗೆ ನುಗ್ಗಿದ. ಅವರು ಕರಾವಳಿ ಬಿಟ್ಟು ಈ ಒಳನಾಡಿನ ಹಳ್ಳಿಗೆ ಬಂದು ಎರಡು ವರ್ಷವಾಗಿದ್ದರೂ ಅದರ ಬಾಗಿಲು ದಾಟಿರಲಿಲ್ಲ. ಒಳಗೆ ಮರದ ಸಂತನೊಬ್ಬ ನಿಂತಿದ್ದ. ಮೂಗನ್ನು ಹುಳ ತಿಂದಿತ್ತು. ಕೆಳಗೆ ಬರೆದಿತ್ತು: ಸಂತ ಹುವಾರ್ನ್.

ಮನೆಗೆ ಬಂದು ಹುಡುಕಿದ. ಅರ್ಥ: ಕಬ್ಬಿಣ. ಮೂಲ: ಹದಿನೈದು ಶತಮಾನಗಳ ಹಿಂದೆ ಕಲ್ಲಿನ ದೋಣಿಯಲ್ಲಿ ಕೂತು ಸಮುದ್ರ ದಾಟಿ ಬಂದ ಸಂತ, ಹಾಗೆಂದು ಊರಿನವರ ಹೇಳಿಕೆ. ಜನಪ್ರಿಯತೆ: ಸಾವಿರದ ಒಂಬೈನೂರ ಅರವತ್ತನಾಲ್ಕರ ನಂತರ ಈ ಸೀಮೆಯಲ್ಲಿ ಒಂದೇ ಒಂದು ಮಗುವಿಗೂ ಇಟ್ಟಿಲ್ಲ! ಅರವತ್ತು ವರ್ಷ ಯಾರ ಕೈಗೂ ಸಿಗದ ನಿಧಿ ತನಗೆ ಸಿಕ್ಕಿತೆಂದು ಯಾನ್ ಆ ರಾತ್ರಿ ಸೇಬಿನ ಸೈಡರ್ ಬಾಟಲಿಯೊಂದನ್ನು ಒಬ್ಬನೇ ಮುಗಿಸಿದ. ಅರವತ್ತು ವರ್ಷ ಇದನ್ನು ಯಾರೂ ಯಾಕೆ ಮುಟ್ಟಿಲ್ಲ ಎಂದು ಕೇಳಿಕೊಳ್ಳುವ ಬುದ್ಧಿಯನ್ನು ಮಾತ್ರ ದೇವರು ಅವನಿಗೆ ಕೊಟ್ಟಿರಲಿಲ್ಲ.

ಯಾರಿಗಾದರೂ ಬಾಯಿಬಿಟ್ಟಿದ್ದರೆ ಅವರೇ ಹೇಳುತ್ತಿದ್ದರು. ಆದರೆ ಹೆಸರು ಕಳುವಾದೀತೆಂಬ ಭಯಕ್ಕೆ ಇವನು ತುಟಿ ಹೊಲಿದುಕೊಂಡಿದ್ದ. ಎನೋರಾಗೆ ಹೇಳಿದ್ದೂ ಹೆರಿಗೆಯಾದ ಮೇಲೆಯೇ. ಅವಳು ಒಂದು ಸಲ ಮೆಲ್ಲಗೆ ಕೂಗಿನೋಡಿ, ಉಸಿರು ಸಾಲುತ್ತದೆ ಎಂದು ಒಪ್ಪಿಕೊಂಡಳು. ಮೇ ತಿಂಗಳಲ್ಲಿ, ಮಗು ಹುಟ್ಟಿದ ಮೂರನೆಯ ದಿನ, ಯಾನ್ ಪುರಸಭೆಗೆ ಓಡಿದ. ಅಲ್ಲಿನ ಗುಮಾಸ್ತೆ ಚೀಟಿ ಓದಿ ಕನ್ನಡಕ ತೆಗೆದಳು.

"ಚೆನ್ನಾಗಿ ಯೋಚಿಸಿದೀರಾ?"

"ತಿಂಗಳುಗಟ್ಟಲೆ."

"ನಿಮ್ಮ ಬೆನ್ನು ಹೇಗಿದೆ?"

ರಾತ್ರಿಯಿಡೀ ಮಗು ಎತ್ತಿಕೊಂಡು ತಿರುಗುವ ಕಷ್ಟದ ಬಗ್ಗೆ ಕೇಳುತ್ತಿದ್ದಾಳೆಂದು ಯಾನ್ ಎಣಿಸಿ, ಕಲ್ಲಿನ ಹಾಗಿದೆ ಎಂದು ಎದೆಯುಬ್ಬಿಸಿ ಹೇಳಿದ. ಅವಳು ಮುದ್ರೆ ಒತ್ತಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಹೆರ್ರಿ ಅಜ್ಜ ಬಂದರು. ಎಂಬತ್ತನಾಲ್ಕರ ಹಣ್ಣು ಮುದುಕರು, ಚರ್ಚಿನ ಉಸ್ತುವಾರಿ ಅವರದು. ಜೊತೆಗೆ ಇನ್ನಿಬ್ಬರು, ಒಂದು ಕೇಕು, ಒಂದು ಅಳತೆ ಟೇಪು. ತೊಟ್ಟಿಲನ್ನು ಅರೆಕ್ಷಣ ನೋಡಿ, ಮಗುವನ್ನು ಬಿಟ್ಟು ಯಾನ್‌ನ ಸೊಂಟ ಅಳೆದರು. ಆಮೇಲೆ ಹೆಗಲು. ತಂದೆಯಾದವನಿಗೆ ಇಲ್ಲಿ ಅಂಗಿ ಹೊಲಿಸಿಕೊಡುವ ಪದ್ಧತಿ ಇರಬೇಕೆಂದು ಯಾನ್ ಕೈ ಎತ್ತಿ ನಿಂತ.

"ಚರ್ಮದ ಪಟ್ಟಿ ಎರಡು ತೂತು ಬಿಗಿ ಮಾಡ್ಬೇಕು" ಎಂದರು ಅಜ್ಜ, ಜೊತೆಯವರಿಗೆ.

"ಯಾವ ಪಟ್ಟಿ ಅಜ್ಜ?"

"ಬಾವುಟದ್ದು ಕಣಪ್ಪ. ಸಂತನ ಹೆಸರು ಮಗನಿಗೆ ಇಟ್ಟವನೇ ಸಂತನ ಬಾವುಟ ಹೊರಬೇಕು. ಆಗಸ್ಟ್ ಹಬ್ಬಕ್ಕೆ, ಚರ್ಚಿಂದ ಸಂತನ ನೀರಿನ ಬುಗ್ಗೆವರೆಗೆ ಹೋಗಿ ಬರೋದು. ಮೂರು ಕಿಲೋಮೀಟರ್ ಅಷ್ಟೇ. ನಿಂಗೆ ಗೊತ್ತಿದ್ದೇ ಇಟ್ಟೆ ಅಂದ್ಕೊಂಡ್ವಿ. ಇಡೀ ಊರೇ ನಿನ್ನ ಹೊಗಳ್ತಿದೆ."

ಬಾವುಟ, ಮರದ ಕೋಲೂ ಸೇರಿ, ನಲವತ್ತು ಕಿಲೋ. ಗಾಳಿ ಬೀಸಿದರೆ ಅರವತ್ತು. ಈ ಸಂಗತಿಯನ್ನು ಅಜ್ಜ ಕೇಕು ಮೆಲ್ಲುತ್ತಾ ತಿಳಿಸಿದರು. ಎಷ್ಟು ವರ್ಷ ಹೊರಬೇಕು ಎಂದರೆ, ಇನ್ನೊಬ್ಬ ಹುವಾರ್ನ್ ಹುಟ್ಟುವವರೆಗೆ. ಅರವತ್ತನಾಲ್ಕರಲ್ಲಿ ಆ ಹೆಸರಿಟ್ಟ ಕೊನೆಯ ತಂದೆ ಸ್ವತಃ ಹೆರ್ರಿ ಅಜ್ಜನೇ. ಎಪ್ಪತ್ತು ದಾಟುವ ತನಕ ಹೊತ್ತರು. ಮಗ ಹದಿನೆಂಟು ತುಂಬಿದ ಕೂಡಲೇ ಅರ್ಜಿ ಹಾಕಿ ಅಲೆನ್ ಎಂದು ಹೆಸರು ಬದಲಿಸಿಕೊಂಡಿದ್ದ. ಅಂದಿನಿಂದ ಆ ಸುತ್ತಿನ ಗಂಡಸರು ಬಸುರಿ ಹೆಂಡತಿಯರನ್ನು ಚರ್ಚಿನ ದಾರಿಯಲ್ಲಿ ನಡೆಸಿಕೊಂಡು ಹೋಗುವುದನ್ನೇ ಬಿಟ್ಟರು. ಅಜ್ಜನ ನಂತರ ಬಾವುಟವನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ಸಾಗಿಸುತ್ತಿದ್ದರು. ಊರಿಗೆ ಅದೊಂದು ದೊಡ್ಡ ಅವಮಾನವಾಗಿತ್ತು.

ಯಾನ್ ಮತ್ತೆ ಪುರಸಭೆಗೆ ಓಡಿದ. ಹೆಸರು ಬದಲಿಸಲು ತಕ್ಕ ಕಾರಣ ಬರೆದುಕೊಡಬೇಕೆಂದು ಗುಮಾಸ್ತೆ ಹೇಳಿದಳು. "ಬಾವುಟ ಭಾರ ಅಂತ ಬರೀತೀರಾ? ಬರೀರಿ. ಊರೆಲ್ಲ ಓದ್ಲಿ." ಅತ್ತ ಅತ್ತೆ ಸೋಯಿಜಿಗ್, ಮೊಮ್ಮಗನ ಹೆಸರು ಬರೆದ ಎರಡು ಹಿಡಿಕೆಯ ಬಟ್ಟಲು ಅಂಗಡಿಯಲ್ಲಿ ಎಲ್ಲೂ ಸಿಗದೆ, ಹೇಳಿ ಬರೆಸಿ ತಂದಿದ್ದಳು. ಎನೋರಾ ಅಂತೂ ಖಡಾಖಂಡಿತವಾಗಿ ಹೇಳಿದಳು: "ಆರಿಸೋವಾಗ ನನ್ನ ಕೇಳ್ಲಿಲ್ಲ. ಈಗ ಬದಲಿಸೋಕೂ ಕೇಳ್ಬೇಡ. ಹೋಗಿ ಹಾಲು ಬಿಸಿ ಮಾಡು."

ತಾಲೀಮು ಶುರುವಾಯಿತು. ಏಣಿಯ ತುದಿಗೆ ಒದ್ದೆ ಹೊದಿಕೆ ಕಟ್ಟಿ ಹಿತ್ತಲಲ್ಲಿ ನಡೆಯುವುದು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಳಗಿನಿಂದ ಮಗ ಕಿರುಚುತ್ತಿದ್ದ. ಏಣಿ ಇಳಿಸಿ ಮಗನನ್ನು ಎತ್ತಿಕೊಂಡರೆ ಅವನು ಸುಮ್ಮನಾಗುತ್ತಿದ್ದ, ಇಳಿಸಿ ಏಣಿ ಎತ್ತಿದರೆ ಮತ್ತೆ ಶುರು. ಗಂಡ ಹೆಂಡತಿ ಇಬ್ಬರೂ ಮೂರು ತಿಂಗಳು ಒಂದೇ ಸಮನೆ ಎರಡು ಗಂಟೆ ನಿದ್ದೆ ಮಾಡಿದ್ದಿಲ್ಲ. ಎನೋರಾ ಒಮ್ಮೆ ಚಹಾದ ನೀರಿಗೆ ಹೂಕೋಸು ಹಾಕಿದಳು. ಯಾನ್ ಅದನ್ನು ಗಮನಿಸದೆ ಕುಡಿದ. ಮಂಡಿಯಲ್ಲಿ ಬುಟ್ಟಿಗಳ ನಡುವೆ ನಿಂತಲ್ಲೇ ತೂಕಡಿಸುತ್ತಿದ್ದ. ಅರ್ಥ, ಮೂಲ, ಜನಪ್ರಿಯತೆ ಬರೆದಿದ್ದ ನೋಟುಪುಸ್ತಕವನ್ನು ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಾಗಿತ್ತು.

ಆಗಸ್ಟ್ ಬಂದೇ ಬಂತು. ಸೊಂಟದ ಚರ್ಮದ ಪಟ್ಟಿಗೆ ಹೊಲಿದ ಬಟ್ಟಲಿನಲ್ಲಿ ಕೋಲು ಊರಿ, ಬಾವುಟ ಎತ್ತಿದಾಗ ಬೆನ್ನಿನಲ್ಲಿ ಏನೋ ಚಟಕ್ಕೆಂದಿತು. ಹೇಗೋ ಬುಗ್ಗೆಯವರೆಗೆ ತಲುಪಿ, ಕೋಲನ್ನು ಬಟ್ಟಲಿನಿಂದ ತೆಗೆದು ನೆಲಕ್ಕೆ ಇಳಿಸಿದ. ಅಲ್ಲಿ ಕೀರ್ತನೆ, ಹತ್ತೊಂಬತ್ತು ಚರಣ. ಮೂರನೆಯ ಚರಣಕ್ಕೆ ಯಾನ್‌ನ ಕಣ್ಣು ಮುಚ್ಚಿದವು. ಪಟ್ಟಿ ಬಿಗಿಯಾಗಿತ್ತು, ಕೋಲು ನೆಲಕ್ಕೆ ಊರಿತ್ತು, ಗಾಳಿ ಇರಲಿಲ್ಲ. ಉಳಿದ ಹದಿನಾರು ಚರಣವೂ ಅವನು ನಿಂತೇ ಸೊಗಸಾಗಿ ನಿದ್ದೆ ಮಾಡಿದ. ಮೇ ತಿಂಗಳಿಂದೀಚೆಗೆ ಅಷ್ಟು ಒಳ್ಳೆಯ ನಿದ್ದೆ ಅವನಿಗೆ ಬಂದಿರಲಿಲ್ಲ. ಮಗ ಅತ್ತಾಗ ಎಚ್ಚರವಾಯಿತು. ನೋಡಿದರೆ ಜನ ಕೈಮುಗಿದು ತನ್ನನ್ನೇ ನೋಡುತ್ತಿದ್ದಾರೆ. ಹೆರ್ರಿ ಅಜ್ಜ ಕಣ್ಣೊರೆಸಿಕೊಂಡು, ಇಷ್ಟು ವರ್ಷ ಹೊತ್ತರೂ ಇಂಥ ಭಕ್ತಿ ತನಗೆ ಒಂದು ದಿನವೂ ಬರಲಿಲ್ಲ ಎಂದರು. ಅಂದಿನಿಂದ ಊರಲ್ಲಿ ಅವನ ಹೆಸರು 'ಹುವಾರ್ನನ ಅಪ್ಪ' ಎಂದಾಯಿತು. ಬ್ರೆಡ್ಡಿನ ಅಂಗಡಿಯವಳು ಸಾಲು ಬಿಟ್ಟು ಮುಂದೆ ಕರೆಯುತ್ತಿದ್ದಳು.

ಬೆನ್ನು ಮಾತ್ರ ಡಿಸೆಂಬರಿನ ತನಕ ನೆಟ್ಟಗಾಗಲಿಲ್ಲ. ಮುಂದಿನ ನಲವತ್ತು ಆಗಸ್ಟ್‌ಗಳನ್ನು ನೆನೆದು ಅವನಿಗೆ ನಿಜವಾಗಿಯೂ ಅಳು ಬಂತು. ಆಗ ಒಂದು ಉಪಾಯ ಹೊಳೆಯಿತು. ಮೇಜಿನ ಕಾಲಡಿಯಿಂದ ನೋಟುಪುಸ್ತಕ ಎಳೆದು, ಯಾರ ಮನೆಯಲ್ಲಿ ಬಸುರಿಯಿದ್ದಾಳೋ ಆ ಮನೆಗೆಲ್ಲ ಕೇಕು ಹಿಡಿದು ಹೊರಟ. ಹುವಾರ್ನ್ ಎಂದರೆ ಕಬ್ಬಿಣ, ಮಕ್ಕಳು ಕಬ್ಬಿಣದ ಹಾಗಿರುತ್ತಾರೆ, ನೆಗಡಿ ಕೂಡ ಆಗುವುದಿಲ್ಲ ಎಂದು ಕೊಂಡಾಡಿದ. ಹೆಸರು ಯಾರೂ ಕದಿಯಬಾರದೆಂದು ತುಟಿ ಹೊಲಿದುಕೊಂಡವನು ಈಗ ಕದಿಯಿರಪ್ಪಾ ಎಂದು ಮನೆಮನೆ ತಿರುಗಿದ! ಎಲ್ಲರೂ ಕೇಕು ತಿಂದರು. ಎಲ್ಲರೂ ಅವನ ಬೆನ್ನಿನ ಯೋಗಕ್ಷೇಮ ವಿಚಾರಿಸಿದರು.

ಕೊನೆಗೆ ಸಿಕ್ಕವನು ಗುರ್ವಾನ್ ಎಂಬ ಕುಸ್ತಿಪಟು. ಬಾಗಿಲಿನಲ್ಲಿ ಓರೆಯಾಗಿ ನುಗ್ಗುವ ಆಳು. ಕಳೆದ ಹಬ್ಬದಲ್ಲಿ ಯಾನ್ ಬುಗ್ಗೆಯ ಬಳಿ ನಿಂತ ಭಂಗಿಯನ್ನು ನೋಡಿದಾಗಿನಿಂದ ಅವನಿಗೂ ಬಾವುಟ ಹೊರುವ ಆಸೆ ಹತ್ತಿತ್ತಂತೆ. ಮೂರು ಹೆಣ್ಣುಮಕ್ಕಳು, ನಾಲ್ಕನೆಯದು ಜೂನ್‌ಗೆ. ಗಂಡಾಗಲೆಂದು ಯಾನ್ ಸಂತನ ಮುಂದೆ ಹಚ್ಚಿದಷ್ಟು ಮೇಣದ ಬತ್ತಿಯನ್ನು ಗುರ್ವಾನ್‌ನ ಹೆಂಡತಿಯೂ ಹಚ್ಚಿರಲಿಲ್ಲ. ಜೂನ್‌ನಲ್ಲಿ ಗಂಡೇ ಆಯಿತು. ಹೆಸರು ಹುವಾರ್ನ್.

ಆ ಆಗಸ್ಟ್‌ನಲ್ಲಿ ಯಾನ್ ಹಗುರಾದ ಅಂಗಿ ತೊಟ್ಟು, ಮಗನನ್ನು ಎತ್ತಿಕೊಂಡು ರಸ್ತೆಬದಿಯ ನೆರಳಲ್ಲಿ ನಿಂತ. ಮೆರವಣಿಗೆ ಬಂತು. ಗುರ್ವಾನ್ ಬಾವುಟವನ್ನು ಕೊಡೆ ಹಿಡಿದಂತೆ ಹಿಡಿದು ನಡೆಯುತ್ತಿದ್ದ. ಹೆರ್ರಿ ಅಜ್ಜ ಅವನ ಪಕ್ಕದಲ್ಲಿದ್ದರು. ಜನ "ಹುವಾರ್ನನ ಅಪ್ಪ ಬಂದ, ದಾರಿ ಬಿಡಿ" ಎಂದರು. ಯಾನ್ ಅಭ್ಯಾಸಬಲದಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟ. ಅವರು ಹೇಳಿದ್ದು ಇವನಿಗಲ್ಲ. ಯಾರೋ ಮೊಣಕೈಯಲ್ಲಿ ಮೆಲ್ಲಗೆ ಇವನನ್ನು ಹಿಂದಕ್ಕೆ ಸರಿಸಿದರು. ಯಾನ್‌ಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.

ಎನೋರಾ ಅವನ ಮುಖ ನೋಡಿದಳು.

"ಏನಾಯ್ತೋ?"

"ಏನಿಲ್ಲ. ಹೆಗಲು ನೋವು."

"ಅದು ಇವತ್ತು ಗುರ್ವಾನ್‌ಗೆ ಬರ್ಬೇಕಲ್ವಾ?" ಎಂದು ಮಗನನ್ನು ತಾನೇ ಎತ್ತಿಕೊಂಡಳು.